ಒಂದು ಗೋಡೆ, ಎರಡು ಹಸಿರು

ಹಸಿ ಬಣ್ಣದ ವಾಸನೆಗೆ ಬೆಳಿಗ್ಗೆಯಿಂದ ತಲೆ ಭಾರವಾಗಿದೆ. ರಾಯಚೂರಿನ ನಮ್ಮ ಮನೆಯಲ್ಲಿ ಅವ್ವನ ಕೋಣೆಯ ಗೋಡೆಗೆ ಪೇಂಟರ್ ಎರಡು ಪಟ್ಟಿ ಬಳಿದು ಹೋಗಿದ್ದಾನೆ. ಒಂದು ಗಿಳಿಹಸಿರು, ಇನ್ನೊಂದು ಪಿಸ್ತಾ. ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದು ನೋಡಿದೆ, ಕಿಟಕಿ ಮುಚ್ಚಿಯೂ ನೋಡಿದೆ. ನೀವು ನಂಬಬೇಕು, ನೋಡಿದಷ್ಟೂ ಗೊಂದಲವೇ ಹೆಚ್ಚಾಯಿತು.

ಮಾನ್ವಿಯ ಮನೆ ಮಾರಿ ಅವ್ವ ನನ್ನಲ್ಲಿಗೆ ಬಂದು ಎರಡು ತಿಂಗಳಾಯಿತು. ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿಲ್ಲ. "ಈ ಬಿಳಿ ಖೋಲಿ ದವಾಖಾನಿ ಇದ್ದಂಗ ಅದ," ಅನ್ನುತ್ತಾಳೆ. ಆ ಮನೆಯ ಹಸಿರನ್ನೇ ಇಲ್ಲಿಗೆ ತಂದರೆ ಅದರ ಹಿಂದೆಯೇ ನಿದ್ದೆಯೂ ಬಂದೀತು ಎಂಬುದು ನನ್ನ ಲೆಕ್ಕ.

ಆದರೆ ಅದು ಅಂಗಡಿಯಲ್ಲಿ ಸಿಗುವ ಹಸಿರಲ್ಲ. ದೀಪಾವಳಿಗೆ ಮುಂಚೆ ಅಪ್ಪ ಸುಣ್ಣಕ್ಕೆ ಹಸಿರು ಪುಡಿ ಕಲಸಿ ತಾನೇ ಬಳಿಯುತ್ತಿದ್ದ. ಅಳತೆ ಗಿಳತೆ ಏನೂ ಇಲ್ಲ. ಮುಂಗೈಗೆ ಸವರಿಕೊಂಡು, ಅದು ಒಣಗುವವರೆಗೆ ಬೀಡಿ ಸೇದುತ್ತ ಕೂತು, ಇನ್ನಷ್ಟು ಪುಡಿ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದ. ನಾನೂ ಅಪ್ಪನಂತೆ ಪರೀಕ್ಷಿಸಲು ಹೋಗಿ, ಕೆನ್ನೆಗೇ ಬಳಿದುಕೊಂಡು ಉರಿ ತಾಳದೆ ಅಂಗಳದ ತುಂಬ ಕುಣಿದಿದ್ದೆ. ಬಣ್ಣದ ವಿಷಯದಲ್ಲಿ ನನ್ನ ಬುದ್ಧಿ ಅಂದಿಗಿಂತ ಹೆಚ್ಚೇನೂ ಬೆಳೆದಿಲ್ಲ.

ಮಧ್ಯಾಹ್ನ ದೇವದುರ್ಗದಿಂದ ತಂಗಿ ಬಂದಳು. ಐದರ ಬಸ್ಸಿಗೆ ವಾಪಸು ಹೋಗಬೇಕೆಂದು ಹೆಗಲ ಚೀಲ ಕೂಡ ಇಳಿಸಲಿಲ್ಲ. ನಾನು ಗಿಳಿಹಸಿರು ತೋರಿಸಿದೆ.

"ನಿನಗ ಮರ್ತದ ಅಣ್ಣಾ. ಪಿಸ್ತಾನ ಇತ್ತು. ದಿನಾ ಅದನ್ನ ನೋಡಿಕೋಂತ ಮಲಗ್ತಿದ್ದೆ."

ನಾನೂ ದಿನಾ ನೋಡುತ್ತಲೇ ಮಲಗಿದವನು. ಗೋಡೆಗುಂಟ ಹಾಸಿದ ಉದ್ದನೆಯ ಜಮಖಾನೆಯ ಆ ತುದಿಗೆ ಅವಳು, ಈ ತುದಿಗೆ ನಾನು. ಹಾಗಾದರೆ ಮರೆವು ಯಾರಿಗೆ? ಅಪ್ಪ ಕಲಸಿದ ಬಣ್ಣವನ್ನೇ ನಾನು ಕಳೆದುಕೊಂಡೆನೇ ಎಂದು ಹೆದರಿಕೆಯಾಯಿತು.

ನಮ್ಮ ಜಗಳ ಕೇಳಿ ಅವ್ವ ಬಂದಳು. "ಎರಡೂ ಇದ್ದವಪಾ. ಅರ್ಧ ಗ್ವಾಡಿಗೆ ಬಕೀಟ ಮುಗೀತಿತ್ತು. ನಿಮ್ಮಪ್ಪ ಮತ್ತ ಕಲಸಿದ್ರ ಬಣ್ಣ ಕೂಡ್ತಿದ್ದಿಲ್ಲ. ನಿನ್ನ ಕಡಿ ಒಂದು, ಆಕಿ ಕಡಿ ಒಂದು."

"ನಿನಗ ಯಾವುದು ಬೇಕು ಯವ್ವಾ?" ಎಂದೆ.

"ನಾ ಎಲ್ಲಿ ಗ್ವಾಡಿ ನೋಡೀನಿ? ನೀವಿಬ್ಬರೂ ಆಕಡಿ ಮಾರಿ ಮಾಡಿ ಮಲಗ್ತಿದ್ರಿ. ನಾ ನಿಮ್ಮ ಬೆನ್ನು ನೋಡಿಕೋಂತ ಮಲಗ್ತಿದ್ದೆ."

ಅಷ್ಟರಲ್ಲಿ ಪೇಂಟರ್ ಫೋನು ಮಾಡಿ, "ಯಾವುದು ಮಾಡೋಣ್ರೀ ಸರ್?" ಎಂದ. ನಾಳೆ ಹೇಳುತ್ತೇನೆ ಅಂದೆ.

ತಂಗಿ ಚೀಲ ಇಳಿಸಿದಳು. "ಅಣ್ಣಾ, ಜಮಖಾನಿ ಎಲ್ಲಿ ಅದ?"

ಯಾವ ಹಸಿರೋ ನನಗಿನ್ನೂ ತಿಳಿದಿಲ್ಲ. ಇವತ್ತು ಗೋಡೆಗೆ ಬೆನ್ನು ಮಾಡಿ, ಅವ್ವನ ಕಡೆ ತಿರುಗಿ ಮಲಗುತ್ತೇನೆ.