ಕನಸು ಮುಗಿಯುವ ತನಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಂಗಳೂರಿನ ಲಗ್ಗೆರೆಯ ಓಣಿಯೊಂದರ ಶೀಟಿನ ಕೋಣೆಯ ಬಾಗಿಲಲ್ಲಿ ಪಾರವ್ವ ಕೈಚಾಚಿ ನಿಂತಿದ್ದಾರೆ. ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕಾದ ತಾಯಂದಿರು ಸಂಜೆಯವರೆಗೆ ನೋಡಿಕೊಳ್ಳಲೆಂದು, ನಿದ್ದೆಯಲ್ಲಿರುವ ಮಕ್ಕಳನ್ನು ತಮ್ಮ ಹೆಗಲಿನಿಂದ ಅವರ ಹೆಗಲಿಗೆ ದಾಟಿಸುತ್ತಾರೆ. ಮಗುವಿನ ಜೊತೆ ಅಮ್ಮನ ಹಳೇ ವೇಲೂ ಬರಬೇಕು. ಆ ವಾಸನೆ ಇಲ್ಲದಿದ್ದರೆ ಚಾಪೆ ಮುಟ್ಟುತ್ತಲೇ ಮಗು ಕಣ್ಣು ಬಿಡುತ್ತದೆ.

ಕಳೆದ ತಿಂಗಳು ಇದೇ ಬಾಗಿಲಲ್ಲಿ ಹೊಲಿಗೆ ಕೆಲಸದ ಉಮಾಶ್ರೀ ಬ್ಯಾಂಡೇಜು ಸುತ್ತಿದ ಬೆರಳು ತೋರಿಸಿದ್ದರು. “ಮಧ್ಯಾಹ್ನ ನನ್ ಮಗನ್ನ ಮಲಗಿಸ್ಬೇಡಿ ಆಂಟಿ. ರಾತ್ರಿಯೆಲ್ಲಾ ಕುಣೀತಾನೆ. ಮಷಿನ್ ಮುಂದೆ ತೂಕಡಿಸಿ ಸೂಜಿ ಬೆರಳಿಗೇ ಹೋಯ್ತು. ಇನ್ನೊಂದ್ಸಲ ಹಿಂಗಾದ್ರೆ ಕೆಲಸ ಇರಲ್ಲ.”

ಪಾರವ್ವ ಮಲಗಿಸಲಿಲ್ಲ. ಉಮಾಶ್ರೀಯ ಎರಡು ವರ್ಷದ ಮಗ ಅನಿಕೇತ್ ಪಕ್ಕದ ಮಗುವನ್ನು ಕಚ್ಚಿದ, ಸಂಜೆ ಅನ್ನದ ತಟ್ಟೆಯಲ್ಲೇ ಮುಖವಿಟ್ಟು ತೂಕಡಿಸಿದ. ರಾತ್ರಿ ಮೊದಲಿಗಿಂತ ಹೆಚ್ಚು ಅತ್ತ. “ಹಗಲು ನಿದ್ದಿಗೆಟ್ಟ ಕೂಸು ರಾತ್ರಿ ಸುಮ್ನ ಮಲಗ್ತದೇನ್ರಿ?” ಎನ್ನುತ್ತಾರೆ ಪಾರವ್ವ.

ಈಗ ಅವನಿಗೆ ಎಲ್ಲರಿಗಿಂತ ಮೊದಲು ಊಟ, ಮೊದಲು ನಿದ್ದೆ. ರಾತ್ರಿ ಬೇಗ ನಿದ್ದೆ ಬರಲೆಂದು ಎಬ್ಬಿಸುವುದೂ ಮೊದಲು. ಅದೇ ಪಾರವ್ವನಿಗೆ ಕಷ್ಟ. “ಮಲಗಿದ ಕೂಸನ್ನ ಎಬ್ಬಿಸಬ್ಯಾಡ ಅಂತಿದ್ಲು ನಮ್ಮವ್ವ. ನಾ ಮರಳು ಹೊರೋ ಮುಂದ ನನ್ನ ಮಕ್ಳು ಕಟ್ಟಡದಾಗ ಸೀರಿ ಜೋಳಿಗ್ಯಾಗ ಮಲಗ್ತಿದ್ವು. ಕಾಂಕ್ರೀಟ್ ಮಿಕ್ಸರ್ ಸದ್ದಿಗೆ ಒಂದರ ನಿದ್ದಿನೂ ಪೂರ್ತಿ ಆಗ್ಲಿಲ್ಲ” ಎನ್ನುತ್ತಾರೆ ಗುಳೇದಗುಡ್ಡದ ಕಡೆಯಿಂದ ಬಂದ ಈ ಹೆಂಗಸು.

ಹೊಸ್ತಿಲಾಚೆ ಬೀದಿನಾಯಿ ಮಲಗಿದಲ್ಲೇ ಕಾಲು ಆಡಿಸುತ್ತದೆ. ಎದ್ದ ಮಕ್ಕಳು ಕಿಸಿಕಿಸಿ ನಗುತ್ತವೆ. “ಏ, ಸುಮ್ನಿರ್ರಿ! ಕನಸಿನಾಗ ಬೆಕ್ಕಿನ ಹಿಂದ ಓಡಾಕತ್ತೈತಿ. ಈಗ ಎಬ್ಬಿಸಿದ್ರ ನಿಮ್ಮನ್ನ ಹಿಡೀತೈತಿ.”

ಅನಿಕೇತನಿಗೂ ಅದೇ ಲೆಕ್ಕ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಹೊರಳುತ್ತಿರುವಷ್ಟು ಹೊತ್ತೂ ಪಾರವ್ವ ಪಕ್ಕದಲ್ಲಿ ಕೂತಿರುತ್ತಾರೆ. ಅದು ನಿಂತ ಮೇಲೇ ಕಿಟಕಿಯ ಪರದೆ ಸರಿಸುತ್ತಾರೆ.

ಸಂಜೆ ಉಮಾಶ್ರೀ ಬರುತ್ತಾರೆ. ಬೆರಳಿಗೆ ಬ್ಯಾಂಡೇಜಿಲ್ಲ. “ನಿನ್ನೆ ಒಂಬತ್ತಕ್ಕೇ ಮಲಗ್ಬಿಟ್ಟ ಆಂಟಿ. ಪಕ್ಕದಲ್ಲಿ ನಾನೂ. ಒಲೆ ಮೇಲಿನ ಅನ್ನ ಸೀದು ಕರಕಲು!”

ಬೆಳಗಿನಿಂದ ಕಣ್ಣು ಮುಚ್ಚದ ಪಾರವ್ವ ಚಾಪೆ ಸುತ್ತುತ್ತಾ ನಗುತ್ತಾರೆ.

“ಸೀದ್ರ ಸೀಲಿ ಬಿಡವ್ವ. ಇಬ್ರೂ ಮಲಗಿದ್ರಲ್ಲ.”