ಕಣ್ಣು ಮುಚ್ಚಿ ಕೊಟ್ಟ ನಾಲ್ಕು

ನಮ್ಮ ಶಾಲೆಯಲ್ಲಿ ಗಣಿತದ ಕೋಣೆಗೂ ಸಂಗೀತದ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಅದನ್ನು ಕಟ್ಟಿದ ಪುಣ್ಯಾತ್ಮ ಇಟ್ಟಿಗೆಯ ಬದಲು ಬಿಸ್ಕತ್ತು ಜೋಡಿಸಿದ್ದನೋ ಏನೋ. ನಾನು ಈಚೆ ಭಿನ್ನರಾಶಿ ಹೇಳಿಕೊಡುವಾಗ ಆಚೆ ಇಡೀ ತರಗತಿ ದೋಣಿಯ ಹಾಡು ಕಿರುಚುತ್ತಿರುತ್ತದೆ. ಸಂಗೀತದ ಗಂಧಗಾಳಿ ಇಲ್ಲದ ನನಗೂ ಆ ಹಾಡು ಬಾಯಿಪಾಠ. ಯಾವ ಮಗು ಎಲ್ಲಿ ಜಾರುತ್ತದೆ ಎಂಬುದೂ ಗೊತ್ತು. ನನ್ನ ಮಕ್ಕಳಿಗೆ ಗಣಿತ ತಲೆಗೆ ಹತ್ತದಿರುವುದಕ್ಕೆ ಈ ಗೋಡೆಯೇ ಕಾರಣ ಎಂದು ಪ್ರತಿ ವರ್ಷ ಹೆಡ್‌ಮಿಸ್‌ಗೆ ದೂರು ಕೊಡುತ್ತೇನೆ. ಅವರು ಪ್ರತಿ ವರ್ಷ ನಗುತ್ತಾರೆ.

ಗೋಡೆಯಾಚೆಯ ಮೇಡಂಗೆ ಮಕ್ಕಳಿಟ್ಟ ಹೆಸರು ಬೆರಳು ಮಿಸ್. ಅವರ ಪರೀಕ್ಷೆಯ ರೀತಿಯೇ ಆ ಹೆಸರಿಗೆ ಕಾರಣ. ಒಂದು ಮಗು ಎದುರು ನಿಂತು ಹಾಡುತ್ತದೆ, ಉಳಿದವರು ಕಣ್ಣು ಮುಚ್ಚಿ ಕೇಳುತ್ತಾರೆ. ಹಾಡು ಮುಗಿದ ಮೇಲೆ ಕಣ್ಣು ಬಿಡದೆಯೇ, ಹತ್ತಕ್ಕೆ ಎಷ್ಟು ಎಂದು ಎದೆಯ ಮುಂದೆ ಬೆರಳು ಹಿಡಿದು ತೋರಿಸುತ್ತಾರೆ. ಪಕ್ಕದವರು ಎಷ್ಟು ಕೊಟ್ಟರೆಂದು ನೋಡುವ ಹಾಗಿಲ್ಲ. ಕಾರಣವನ್ನೂ ಹೇಳಬೇಕು. ‘ಚೆನ್ನಾಗಿತ್ತು’ ಎಂದು ತಿಪ್ಪೆ ಸಾರಿಸಿದರೆ ನಡೆಯುವುದಿಲ್ಲ. ಮೂರನೇ ಸಾಲಿನಲ್ಲಿ ಉಸಿರು ಸಾಲಲಿಲ್ಲ ಎಂದೋ, ಕೊನೆಯಲ್ಲಿ ಅವಸರ ಮಾಡಿದಳು ಎಂದೋ ಬಿಡಿಸಿ ಹೇಳಬೇಕು. ಗೆಳತಿ ಎಂದು ಒಂದು ಬೆರಳು ಹೆಚ್ಚು ಎತ್ತಿದವರಿಗೆ ಮಿಸ್‌ನ ಒಂದು ನೋಟವೇ ಸಾಕಾಗುತ್ತದೆ.

ಮೊದಲು ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ತರಗತಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಎಲ್ಲರೂ ಒಟ್ಟಿಗೆ ಹಾಡುವಾಗ, ‘ಕಿಟಕಿ ಪಕ್ಕ, ಎರಡನೇ ಬೆಂಚು, ಹಾಡ್ತಿರೋದು ನಿನ್ನ ಮೂಗು, ಬಾಯಿ ಅಲ್ಲ’ ಎನ್ನುತ್ತಿದ್ದರು. ಆ ಕಿವಿಗೆ ಮಕ್ಕಳು ಮಾತ್ರವಲ್ಲ, ಗೋಡೆಯ ಈಚೆ ನಾನೂ ಹೆದರುತ್ತಿದ್ದೆ.

ಬೆರಳಿನ ಪದ್ಧತಿ ಏಕೆ ಬಂತೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ. ಅವರ ಹಳೆಯ ಕೀಬೋರ್ಡಿನ ಒಂದು ಸ್ವರದ ಮನೆ ಒತ್ತಿದಂತೆ ಕೆಳಗೇ ಸಿಕ್ಕಿಕೊಂಡು ಕುಂಯ್ಯೋ ಎನ್ನುತ್ತಿತ್ತು. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದು ನನ್ನ ತಲೆ ಚಿಟ್ಟು ಹಿಡಿಯಿತು. ಜಗಳಕ್ಕೆಂದೇ ಎದ್ದು ಹೋದೆ. ಅವರು ಕೀಬೋರ್ಡಿನ ಪಕ್ಕದಲ್ಲೇ ಕುಳಿತು, ಡಬ್ಬಿಯ ಮುಚ್ಚಳದಲ್ಲಿ ಹಣ್ಣು ಹೆಚ್ಚಿಟ್ಟುಕೊಂಡು, ನೆಮ್ಮದಿಯಾಗಿ ತಿನ್ನುತ್ತಿದ್ದರು. ನನ್ನನ್ನು ನೋಡಿ ‘ಬನ್ನಿ ಸರ್, ಒಂದು ಹೋಳು ತಗೊಳ್ಳಿ’ ಎಂದರು. ನಾನು ಹೋಳು ತೆಗೆದುಕೊಂಡೆ, ಸಿಕ್ಕಿಕೊಂಡಿದ್ದ ಮನೆಯನ್ನು ಉಗುರಿನಿಂದ ಮೇಲೆತ್ತಿದೆ. ಅವರು ನನ್ನ ಬೆರಳು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

‘ಯಾವಾಗಿಂದ?’ ಎಂದು ಕೇಳಿದೆ.

‘ಕಿವಿ ನಿಧಾನಕ್ಕೆ ಹೋಯ್ತು ಸರ್. ಎದುರು ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೋತೀನಿ. ಹಾಡು ತುಟಿಯಲ್ಲಿರಲ್ಲ ನೋಡಿ.’

ಕಿವಿಯ ಯಂತ್ರ ಹಾಕಿಸಿಕೊಂಡಿದ್ದರಂತೆ. ತಂಗಿಯ ಮನೆಯಲ್ಲಿ ಅವರ ವಾಸ. ಫೋನಿನಲ್ಲಿ ಕೂಗಿ ಕೂಗಿ ಗಂಟಲು ಕೆಟ್ಟ ಆ ತಂಗಿಯೇ ಎಳೆದುಕೊಂಡು ಹೋಗಿ ಕೊಡಿಸಿದ್ದಳು. ಮಾತು ಪರವಾಗಿಲ್ಲ, ಆದರೆ ಮಕ್ಕಳೆಲ್ಲ ತಗಡಿನ ಡಬ್ಬಿಯೊಳಗೆ ಕೂತು ಹಾಡಿದಂತೆ ಕೇಳುತ್ತಿತ್ತಂತೆ. ‘ಆ ಸದ್ದಿಗೆ ಮಾರ್ಕು ಹಾಕಿದ್ರೆ ಮಕ್ಕಳಿಗೆ ಮೋಸ ಆಗುತ್ತೆ’ ಎಂದು ಅದನ್ನು ಮೇಜಿನ ಡ್ರಾಯರಿಗೆ ಹಾಕಿ, ಮಕ್ಕಳ ಕಿವಿಯನ್ನೇ ತಿದ್ದಲು ಕುಳಿತಿದ್ದರು. ನಾನು ಬಾಯಿಬಡುಕ ಎಂದು ಊರಿಗೆಲ್ಲ ಗೊತ್ತು. ಆದರೂ ಇದೊಂದನ್ನು ಯಾರ ಬಳಿಯೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಶಿಕ್ಷಣ ಇಲಾಖೆಯ ಕಚೇರಿಯವರಿಗೆ ಸಂಗೀತದ ಮೇಲೆ ಪ್ರೀತಿ ಉಕ್ಕಿತು. ಅದಕ್ಕೂ ಹಿಂದೆ ಅವರೇ ಒಂದು ಲಿಖಿತ ಪರೀಕ್ಷೆ ಮಾಡಿಸಿದ್ದರು. ‘ಹಾಡು ಎಂದರೇನು? ವಿವರಿಸಿ’ ಎಂಬುದು ಅದರ ಮೊದಲ ಪ್ರಶ್ನೆ. ಬಾಯಿ ತೆಗೆದರೆ ಕಾಗೆಗಳು ಹಾರಿಹೋಗುವ ಹುಡುಗನೊಬ್ಬ ಅದರಲ್ಲಿ ಮೊದಲಿಗನಾಗಿದ್ದ. ಈಗ ಯಾರೋ ಅವರಿಗೆ ಬೆರಳು ಮಿಸ್‌ನ ಸುದ್ದಿ ಮುಟ್ಟಿಸಿದರು. ‘ಮಗು ಮಗುವನ್ನು ಅಳೆಯುವ ನವೀನ ವಿಧಾನ’ ಎಂದು ಕಚೇರಿ ಕೊಂಡಾಡಿತು. ಕಿವಿ ಹೋದದ್ದಕ್ಕೆ ಇಂಥ ಹೊಗಳಿಕೆ ಸಿಗುವುದಾದರೆ ಕಣ್ಣೂ ಹೋದವರಿಗೆ ಏನು ಕೊಡುತ್ತಿದ್ದರೋ. ಹೊಗಳಿಕೆಯ ಬಾಲಕ್ಕೆ ಒಂದು ಷರತ್ತೂ ಇತ್ತು. ಅಧಿಕಾರಿ ಬಂದು ನೋಡುತ್ತಾರೆ. ಮಕ್ಕಳ ಮಾರ್ಕಿಗೂ ಶಿಕ್ಷಕಿಯ ಮಾರ್ಕಿಗೂ ತಾಳೆಯಾಗಬೇಕು. ಆಗದಿದ್ದರೆ ಸಂಗೀತದ ಹುದ್ದೆ ರದ್ದು, ಕೋಣೆ ಉಗ್ರಾಣಕ್ಕೆ. ಹೆಡ್‌ಮಿಸ್ ಆಗಲೇ ಮುರಿದ ಕುರ್ಚಿಗಳನ್ನು ವರಾಂಡಕ್ಕೆ ತಂದು ಇಡಿಸಿದ್ದರು. ಅವರ ಮುಂದಾಲೋಚನೆಯನ್ನು ಮೆಚ್ಚಬೇಕು.

ಅಧಿಕಾರಿ ಬಂದರು. ಪೊದೆಯಂಥ ಮೀಸೆ ತುಟಿಯನ್ನು ಪೂರ್ತಿ ಮುಚ್ಚಿತ್ತು. ಅವರು ಏನು ಹೇಳಿದರೂ ಮಿಸ್ ನನ್ನತ್ತ ನೋಡುತ್ತಿದ್ದರು. ತಾಳೆಯ ಲೆಕ್ಕ ಹಾಕಲು ನನ್ನನ್ನು ಕರೆಸಿದ್ದರಿಂದ ನಾನಲ್ಲಿದ್ದೆ. ಅಧಿಕಾರಿಯ ಮಾತನ್ನೆಲ್ಲ ‘ಅಂದ್ರೆ ಸರ್ ಹೇಳ್ತಿರೋದು ಏನಪ್ಪಾ ಅಂದ್ರೆ’ ಎಂದು ತುಟಿ ಬಿಡಿಸಿ ಮತ್ತೊಮ್ಮೆ ಹೇಳುತ್ತಿದ್ದೆ. ಅಧಿಕಾರಿ ನನ್ನನ್ನು ಪೆದ್ದನೆಂದು ತಿಳಿದಿರಬೇಕು.

ಹಾಡಲು ಅವರೇ ಒಬ್ಬಳನ್ನು ಆರಿಸಿದರು. ನಮ್ಮ ಅದೃಷ್ಟಕ್ಕೆ ಅವಳು ಮಕ್ಕಳೆಲ್ಲ ಪೀಪಿ ಎಂದು ಕರೆಯುವ ಹುಡುಗಿ. ಹೆಸರೇ ಹೇಳುವಂತೆ ಧ್ವನಿ ಕೀರಲು. ಆದರೆ ದಿನವೂ ತಪ್ಪದೆ ಕಲಿಯುವವಳು. ಅಂದು ಅವಳ ಜೀವ ಬಾಯಿಗೆ ಬಂದಿತ್ತು. ಎರಡನೇ ಸಾಲಿನಲ್ಲಿ ಜಾರಿದವಳು ಮತ್ತೆ ದಡ ಹತ್ತಲಿಲ್ಲ. ಆದರೆ ನಿಂತ ಭಂಗಿ, ಬಾಯಿ ತೆರೆದ ರೀತಿ, ತಾಳ ಹಾಕುವ ಕೈ, ಎಲ್ಲ ಕಲಿಸಿದ ಹಾಗೇ ಇದ್ದವು. ಮಿಸ್ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು, ನೋಡಿ ಎಂಟು ಬೆರಳು ಎತ್ತಿದರು.

ನಾನು ಮಕ್ಕಳತ್ತ ತಿರುಗಿದೆ. ಎಲ್ಲರ ಎದೆಯ ಮುಂದೆ ನಾಲ್ಕು, ಅಲ್ಲೊಂದು ಇಲ್ಲೊಂದು ಮೂರು. ಮುಗೀತು ಎಂದುಕೊಂಡೆ. ಅಷ್ಟರಲ್ಲಿ ಮುಚ್ಚಿದ ಕಣ್ಣುಗಳ ರೆಪ್ಪೆಗಳು ಅದುರಿದವು. ಮೊದಲ ಬೆಂಚಿನಲ್ಲಿ ಒಂದು ಬೆರಳು ಎದ್ದಿತು, ಪಕ್ಕದಲ್ಲಿ ಇನ್ನೊಂದು. ನಾಲ್ಕು ಐದಾಯಿತು, ಆರಾಯಿತು, ಕೊನೆಯ ಬೆಂಚಿನವರೆಗೂ ಎಂಟಾಯಿತು. ಮಿಸ್ ಗುಟ್ಟು ಈ ಮಕ್ಕಳಿಗೆ ಎಂದೋ ಗೊತ್ತಿತ್ತು! ಮಿಸ್ಸನ್ನು ಯಾರೂ ಹಿಂದಿನಿಂದ ಕೂಗುತ್ತಿರಲಿಲ್ಲ, ಎದುರು ಬಂದೇ ಮಾತಾಡುತ್ತಿದ್ದರು. ಅದು ಶಿಸ್ತು ಎಂದು ನಾನು ತಿಳಿದಿದ್ದೆ.

ಜನ್ಮದಲ್ಲಿ ಅರ್ಧ ಮಾರ್ಕನ್ನೂ ಕೃಪೆಯಿಂದ ಕೊಡದ ನಾನು ಗಟ್ಟಿಯಾಗಿ ಹೇಳಿದೆ: ‘ನೂರಕ್ಕೆ ನೂರು ತಾಳೆ, ಸರ್.’

ಅಧಿಕಾರಿ ಚಪ್ಪಾಳೆ ತಟ್ಟಿದರು. ಮಿಸ್ ಮುಖ ಮಾತ್ರ ಕೆಂಪಾಯಿತು. ಆ ಕಣ್ಣಿಗೆ ಬೆಳೆಯುವ ಬೆರಳು ಕಾಣದೆ ಇರುತ್ತದೆಯೇ?

‘ಸರ್, ಈ ಮಾರ್ಕು ಲೆಕ್ಕಕ್ಕಿಲ್ಲ. ಮಕ್ಕಳು ಕಣ್ಣು ಬಿಟ್ಟು ನನ್ನ ಬೆರಳು ನೋಡಿದ್ರು. ನನ್ನ ಮಾರ್ಕೂ ಸುಳ್ಳು. ನನಗೆ ಹಾಡು ಕೇಳಿಸಲ್ಲ.’

ಅಧಿಕಾರಿ ಹೊರಗೆ ನಿಂತಿದ್ದ ತಮ್ಮ ಕಾರನ್ನು ನೋಡಿದರು, ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಹಾಳೆಯಲ್ಲಿ ಆಗಲೇ ನೂರು ಎಂದು ಬರೆದು ಸಹಿ ಹಾಕಿಯಾಗಿತ್ತು.

‘ಮೇಡಂ, ಶಿಕ್ಷಕರಿಗೆ ಕೇಳಿಸುತ್ತೋ ಇಲ್ವೋ ಅನ್ನೋದಕ್ಕೆ ಇದರಲ್ಲಿ ಕಾಲಂ ಇಲ್ಲ’ ಎಂದು ಹೊರಟೇಬಿಟ್ಟರು. ನಾನು ಅದನ್ನೂ ತುಟಿ ಬಿಡಿಸಿ ಹೇಳಿದೆ. ಹುದ್ದೆ ಉಳಿಯಿತು. ಸತ್ಯ ಹೇಳಿದರೂ ಉಳಿದದ್ದು ಎಂಥ ಸರ್ಕಸ್ಸು ಎಂದು ನನಗೆ ನಗು ಬಂತು.

ಮಿಸ್ ನಗಲಿಲ್ಲ. ಇಡೀ ತರಗತಿ ತಲೆ ತಗ್ಗಿಸಿ ಕೂತಿತ್ತು. ಪೀಪಿ ಇನ್ನೂ ಎದುರಿಗೇ ನಿಂತಿದ್ದಳು, ಕಣ್ಣಲ್ಲಿ ನೀರು.

‘ಮಿಸ್, ಎಂಟು ಬೇಡ. ನಂಗೆ ನಿಜವಾಗಿ ಎಷ್ಟು?’

‘ಕಣ್ಣು ಮುಚ್ಚಿ ಎಲ್ಲರೂ’ ಎಂದರು ಮಿಸ್. ಆಮೇಲೆ ನನ್ನ ಕಡೆ ತಿರುಗಿ, ‘ನೀವೂ, ಸರ್. ಇಷ್ಟು ವರ್ಷ ಗೋಡೆಯಾಚೆಯಿಂದ ಬಿಟ್ಟಿಯಾಗಿ ಕೇಳಿದ್ದೀರಿ.’

ನಾನು ಕಣ್ಣು ಮುಚ್ಚಿದೆ. ನಾಲ್ಕು ಬೆರಳು ಎದೆಯ ಮುಂದೆ ಹಿಡಿದೆ. ಕತ್ತಲಲ್ಲಿ ಪೀಪಿ ಮೂಗೊರೆಸಿಕೊಂಡ ಸದ್ದು ಕೇಳಿತು, ಆಮೇಲೆ ಅವಳ ನಗು.

‘ನಾಲ್ಕೇ! ನಾನೂ ಅಷ್ಟೇ ಅಂದ್ಕೊಂಡಿದ್ದೆ. ಎರಡನೇ ಸಾಲು, ಅಲ್ವಾ ಸರ್?’

‘ಹೌದಮ್ಮ, ಎರಡನೇ ಸಾಲು’ ಎಂದೆ. ಮಿಸ್ ಕೀಬೋರ್ಡಿನ ಮುಂದೆ ಕುಳಿತು, ನನಗೂ ಒಂದು ಕುರ್ಚಿ ತರಲು ಹೇಳಿದರು. ವರಾಂಡದಲ್ಲಿ ಮುರಿದ ಕುರ್ಚಿಗಳು ಬೇಕಾದಷ್ಟಿದ್ದವು. ಒಂದನ್ನು ತಂದು, ಬೀಳದ ಹಾಗೆ ಗೋಡೆಗೊರಗಿಸಿ ಕುಳಿತೆ.