ವನಿತಾಳ ರ‍್ಯಾಪಿಗೆ ನನ್ನ ತಿದ್ದುಪಡಿ

ಭಾನುವಾರ ಬೆಳಿಗ್ಗೆ ಬಂಟ್ವಾಳದ ನಮ್ಮ ಮನೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ ಕುಳಿತಿದ್ದೆ. ಒಳಕೋಣೆಯಲ್ಲಿ ಮಗಳ ಮೊಬೈಲಿನಿಂದ ಯಾರೋ ಒಬ್ಬ ಉಸಿರು ಬಿಡದೆ ಇಂಗ್ಲಿಷಿನಲ್ಲಿ ಒದರುತ್ತಿದ್ದ. ಕಿವಿಗೊಟ್ಟರೆ ಬರೀ ಎಲೆಕ್ಟ್ರಾನು, ಪ್ರೋಟಾನು!

“ಇದೆಂತ ಹಾಡು ಮಾರಾಯ್ತಿ?”

“ನರ್ಡ್‌ಕೋರ್ ಅಮ್ಮ. ಗಣಿತ, ಕಂಪ್ಯೂಟರ್ ಅಂತ ಹುಚ್ಚು ಹಿಡಿದವರ ಹಿಪ್‌ಹಾಪ್. ನಿನಗೆ ಗೊತ್ತಾಗ್ಲಿಕ್ಕಿಲ್ಲ.”

ಗೊತ್ತಾಗದೆ ಏನು? ಅದಕ್ಕೊಂದು ಹೆಸರುಂಟು ಎಂಬುದಷ್ಟೇ ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮೂಡುಬಿದಿರೆಯ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ನಾರಾವಿಯ ವನಿತಾ ಇದನ್ನೇ ಮಾಡುತ್ತಿದ್ದಳು, ಅದೂ ತುಳುವಿನಲ್ಲಿ. ದಪ್ಪ ಕನ್ನಡಕದ ಹುಡುಗಿ. ನಾವೆಲ್ಲ ಸೀರೆಯ ಬಣ್ಣದ ಬಗ್ಗೆ ಜಗಳವಾಡುವಾಗ ಅವಳು ಕಂಪ್ಯೂಟರ್ ಲ್ಯಾಬಿನಲ್ಲಿರುತ್ತಿದ್ದಳು. ಪುಸ್ತಕದ ಹುಳು ಎಂದು ರೇಗಿಸಿದರೆ ಬಟ್ಟೆ ಒಗೆಯುವಲ್ಲೇ ಬಕೆಟ್ ಮಗುಚಿ ಹಾಕಿ ತಾಳ ಹಿಡಿದು ಶುರುಮಾಡುತ್ತಿದ್ದಳು: “ಒಂಜಿ ಪಂಡ ಉಂಡು, ಸೊನ್ನೆ ಪಂಡ ಇಜ್ಜಿ!” ಒಂದು ಅಂದರೆ ಉಂಟು, ಸೊನ್ನೆ ಅಂದರೆ ಇಲ್ಲ. ಕಂಪ್ಯೂಟರಿನ ಇಡೀ ಗುಟ್ಟು ಅಷ್ಟರಲ್ಲಿತ್ತು. ಒಗೆಯುತ್ತಿದ್ದ ಹುಡುಗಿಯರು ಸಾಬೂನಿನ ಕೈಯಲ್ಲೇ ಚಪ್ಪಾಳೆ ತಟ್ಟಿ, ಇನ್ನೊಮ್ಮೆ ಹೇಳು ಎಂದು ಕಾಡುತ್ತಿದ್ದರು.

ಕಾಲೇಜ್ ಡೇ ಬಂತು. ವನಿತಾ ಹೆಸರು ಕೊಟ್ಟಳು. ಆಗ ನಾನು ಬುದ್ಧಿವಂತಿಕೆ ಮಾಡಿದೆ. ನಮ್ಮ ಕಡೆಯವರ ಸ್ವಭಾವ ನಿಮಗೆ ಗೊತ್ತೇ ಇದೆ. ಹಗಲಿಡೀ ತುಳುವಿನಲ್ಲಿ ಹರಟಿದವರು ಮೈಕು ಕಂಡ ಕೂಡಲೇ ಗ್ರಂಥ ಬಿಚ್ಚಿದ ಹಾಗೆ ಮಾತಾಡುತ್ತೇವೆ. “ಸ್ಟೇಜಿನಲ್ಲಿ ತುಳು ಚಂದ ಕಾಣುವುದಿಲ್ಲ. ನಾನು ಕನ್ನಡ ಮಾಡಿ ಕೊಡ್ತೇನೆ” ಎಂದೆ.

“ತಾಳಕ್ಕೆ ಕೂರ್ತದಾ?” ಎಂದು ಅವಳು ಕೇಳಿದಳು. (ಕೇಳಿದ್ದು ತುಳುವಿನಲ್ಲೇ. ಚಾಳಿ ನೋಡಿ, ಇಲ್ಲಿಯೂ ಕನ್ನಡ ಮಾಡಿಬಿಟ್ಟೆ.)

“ಕೂರ್ತದೆ, ನೀನು ಸುಮ್ಮನಿರು.”

‘ಒಂದು ಎಂದರೆ ಅಸ್ತಿತ್ವ, ಸೊನ್ನೆ ಎಂದರೆ ಅಭಾವ’ ಎಂದು ಬರೆದುಕೊಟ್ಟೆ. ಐಚ್ಛಿಕ ಕನ್ನಡದ ವಿದ್ಯಾರ್ಥಿನಿ ನಾನು, ಬೇರೇನು ಬರೆದೇನು? ವನಿತಾ ಅದನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದಳು. ಅತಿಥಿಗಳು ಅರ್ಥಪೂರ್ಣವಾಗಿತ್ತು ಎಂದರು. ಎರಡನೆಯ ಬಹುಮಾನವೂ ಬಂತು. ನಾನು ವಾರವಿಡೀ ಹೇಳಿಕೊಂಡು ತಿರುಗಿದೆ. ಆದರೆ ಬಟ್ಟೆ ಒಗೆಯುವಲ್ಲಿ ಯಾರೂ ಅದನ್ನು ಇನ್ನೊಮ್ಮೆ ಕೇಳಲಿಲ್ಲ. ವನಿತಾ ಆಮೇಲೆ ಒಂದು ಸಾಲೂ ಬರೆಯಲಿಲ್ಲ. ಪರೀಕ್ಷೆ ಹತ್ತಿರ ಬಂತು, ಅದಕ್ಕೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಎಂದು ಆಗಲೇ ಗೊತ್ತಿತ್ತು.

ವನಿತಾ ಈಗ ಬೆಳ್ತಂಗಡಿಯಲ್ಲಿ ಗಣಿತ ಕಲಿಸುತ್ತಾಳೆ. ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಫೋನ್ ಮಾಡಿದೆ. “ನಿನ್ನ ಆ ತುಳು ಹಾಡು ಒಮ್ಮೆ ಹೇಳು.”

“ಅದೆಲ್ಲಿ ನೆನಪುಂಟು! ನೀನು ತಿದ್ದಿ ಕೊಟ್ಟದ್ದು ಪೂರಾ ಬಾಯಿಪಾಠ ಉಂಟು, ಹೇಳ್ಬೇಕಾ?”

ಬೇಡ ಎಂದೆ. ತುಳುವಿನ ಮೊದಲ ಸಾಲನ್ನು ನಾನೇ ಹೇಳಿಕೊಟ್ಟೆ. ಎರಡನೆಯದು ಇಬ್ಬರಿಗೂ ಬರಲಿಲ್ಲ. ನನಗೆ ನಾಚಿಕೆಯಾಗಿತ್ತು. ತಪ್ಪಾಯ್ತು ಎಂದೆ.

“ಹೋಗ್ಲಿ ಬಿಡು, ಹೊಸತು ಬರೀತೇನೆ” ಎಂದಳು ವನಿತಾ. “ಆದ್ರೆ ನಿನಗೆ ಮಾತ್ರ ತೋರಿಸುವುದಿಲ್ಲ.”

“ತೋರಿಸ್ಬೇಡ ಮಾರಾಯ್ತಿ” ಎಂದೆ.